ಅಪ್ಪ ಯಾವ ಮನೆಯವರು

ಸಾವಿನ ಮನೆಯಿಂದ ಕುರ್ಚಿ ಬೇಕೆಂದು ಫೋನ್ ಬಂದರೆ ನಾನು ಮೊದಲು ಕೇಳುವುದು ಎಷ್ಟು ಕುರ್ಚಿ ಎಂದಲ್ಲ, ಬಾಡಿ ಯಾವ ಮನೆಯಿಂದ ಹೊರಡುತ್ತದೆ ಎಂದು. ಬಂಟ್ವಾಳದಲ್ಲಿ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಅಂಗಡಿ ಇಟ್ಟು ಮೂವತ್ತು ವರ್ಷ ಕಳೆಯಿತು. ನಮ್ಮ ಕಡೆ ಮನುಷ್ಯ ಸಾಯುವುದು ಒಂದು ಮನೆಯಲ್ಲಿ, ಅವನನ್ನು ಸುಡುವುದು ಇನ್ನೊಂದು ಮನೆಯ ಜಾಗದಲ್ಲಿ ಆಗುವುದುಂಟು. ಹೆಂಡತಿ ಮಕ್ಕಳು ಇಲ್ಲಿ ಅಳುತ್ತಿರುತ್ತಾರೆ, ಅವನ ಕುಟುಂಬದವರು ಅಲ್ಲಿ ಮರ ಕಡಿಸುತ್ತಿರುತ್ತಾರೆ. ತೀರ್ಮಾನವಾಗುವ ಮೊದಲು ಕುರ್ಚಿ ಇಳಿಸಿದರೆ ನೀವು ಒಂದು ಪಕ್ಷ ಹಿಡಿದ ಹಾಗೆ. ಆದ್ದರಿಂದ ನನ್ನ ಕೆಲಸದವರಿಗೆ ಕಟ್ಟಪ್ಪಣೆ: ಆ ಮನೆಯ ಹಿರಿಯರೊಬ್ಬರು "ಇಲ್ಲೇ" ಎನ್ನುವವರೆಗೆ ಲಾರಿಯ ಹಗ್ಗ ಬಿಚ್ಚಬಾರದು. ಈ ವ್ಯಾಪಾರಕ್ಕೆ ಹೊಸದಾಗಿ ಇಳಿಯುವವರು ಯಾರಾದರೂ ಸಲಹೆ ಕೇಳಿದರೆ, ಕೇಳದಿದ್ದರೂ, ನಾನು ಮೊದಲು ಹೇಳುವುದು ಇದನ್ನೇ.

ಹೋದ ವರ್ಷ ಅಪ್ಪ ತೀರಿಕೊಂಡ ಬೆಳಿಗ್ಗೆ ಆ ಅಪ್ಪಣೆಯನ್ನು ಮುರಿದವಳು ನಾನೇ.

ಅಪ್ಪನ ಕುಟುಂಬದ ಮನೆ ಅಳದಂಗಡಿಯ ಹತ್ತಿರ. ಅಳಿಯಕಟ್ಟಿನವರು. ಗೊತ್ತಿಲ್ಲದವರಿಗೆ ಎರಡು ಮಾತಿನಲ್ಲಿ ಹೇಳುವುದಾದರೆ, ನಮ್ಮಲ್ಲಿ ಮಕ್ಕಳು ತಾಯಿಯ ಕುಟುಂಬಕ್ಕೆ ಸೇರಿದವರು. ಗಂಡಸಿನ ವಾರಸುದಾರರು ಅವನ ಅಕ್ಕತಂಗಿಯರ ಮಕ್ಕಳು. ಅವನ ಸ್ವಂತ ಮಕ್ಕಳು ಹೆಂಡತಿಯ ಕಡೆಯವರು. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು, ಆಸ್ತಿ ಈಗ ಹಾಗೆ ಹೋಗುವುದಿಲ್ಲ. ಆದರೆ ದೈವದ ದಿನ, ಸಾವಿನ ದಿನ ಹಳೆಯ ಕಟ್ಟು ಎದ್ದು ಕುಳಿತುಕೊಳ್ಳುತ್ತದೆ. ಅದರ ಮೇಲೆ ನನಗೆ ದ್ವೇಷವಿಲ್ಲ. ಅಮ್ಮನ ಕಡೆಯಿಂದ ಲಾಯಿಲದಲ್ಲಿ ನನ್ನ ಪಾಲಿಗೆ ಒಂದು ತುಂಡು ಜಾಗ ಬಂದದ್ದು ಅದೇ ಕಟ್ಟಿನ ದೆಸೆಯಿಂದ, ಅದನ್ನು ಮಾರಿಯೇ ಮೊದಲ ಲಾರಿ ತೆಗೆದೆ. ನನ್ನ ಜಗಳ ಕಟ್ಟಿನದ್ದಲ್ಲ, ಒಂದು ಕಾಗದದ್ದು.

ಸೈನ್ಯಕ್ಕೆ ಸೇರುವಾಗ ಅಪ್ಪನಿಗೆ ಹತ್ತೊಂಬತ್ತು. ಭರ್ತಿ ಮಾಡಿಕೊಳ್ಳುವ ಗುಮಾಸ್ತ ಹತ್ತಿರದ ಸಂಬಂಧಿಕ ಯಾರು ಎಂದು ಕೇಳಿದಾಗ ಅಪ್ಪ ಯೋಚಿಸದೆ ಸೋದರಮಾವನ ಹೆಸರು ಕೊಟ್ಟರು. ನಮ್ಮೂರಿನ ಯಾವ ಹುಡುಗನಾದರೂ ಆಗ ಅದನ್ನೇ ಕೊಡುತ್ತಿದ್ದ. ಮಾವನೇ ಮನೆಯ ಯಜಮಾನ. ಘಟ್ಟದ ಮೇಲಿನ ಗುಮಾಸ್ತ ಬರೆದುಕೊಂಡ. ಆಮೇಲೆ ಅಪ್ಪನಿಗೆ ಮದುವೆಯಾಯಿತು, ನಾನು ಹುಟ್ಟಿದೆ. ಆ ಕಾಗದ ಮಾತ್ರ ಹಾಗೆಯೇ ಉಳಿಯಿತು.

ಅಪ್ಪ ಅಲ್ಲಿ ಲಾರಿ ಓಡಿಸುತ್ತಿದ್ದರು. ಎಪ್ಪತ್ತೊಂದರ ಯುದ್ಧದಲ್ಲಿ, ಪೂರ್ವದ ಗಡಿಯಲ್ಲಿ, ಅವರ ಲಾರಿ ನೆಲಬಾಂಬಿನ ಮೇಲೆ ಹೋಯಿತು. ಪಕ್ಕದಲ್ಲಿ ಕೂತವ ಉಳಿಯಲಿಲ್ಲ. ಅಪ್ಪನ ಎಡಗಾಲಿನ ಎರಡು ಬೆರಳೂ ಅರ್ಧ ಹಿಮ್ಮಡಿಯೂ ಹೋದವು. ತಂತಿ ಬಂದದ್ದು ಅಳದಂಗಡಿಯ ಮನೆಗೆ. ಅಪ್ಪನ ಸೋದರಮಾವ, ನನಗೆ ಅಜ್ಜನಾಗಬೇಕು, ಅದನ್ನು ಓದಿಸಿ ಕೇಳಿ, ದೈವಕ್ಕೆ ಹರಕೆ ಹೇಳಿ, ಕಾಗದವನ್ನು ಪೆಟ್ಟಿಗೆಯಲ್ಲಿಟ್ಟರು. ಅಪ್ಪನ ತಂಗಿಗೆ ಗೊತ್ತಾಯಿತು, ಒಕ್ಕಲಿನವರಿಗೆ ಗೊತ್ತಾಯಿತು, ಅಂಗಡಿಯವರಿಗೆ ಗೊತ್ತಾಯಿತು. ಏಳೆಂಟು ಮೈಲಿ ದೂರದ ಲಾಯಿಲದಲ್ಲಿ, ತಾಯಿಯ ಮನೆಯಲ್ಲಿ ಎರಡು ವರ್ಷದ ನನ್ನನ್ನು ಇಟ್ಟುಕೊಂಡಿದ್ದ ಅಮ್ಮನಿಗೆ ಮಾತ್ರ ಯಾರೂ ಹೇಳಲಿಲ್ಲ. ಕೆಟ್ಟತನದಿಂದ ಹಾಗೆ ಮಾಡಿದ್ದಲ್ಲ. ಮನೆಯ ಹುಡುಗನಿಗೆ ಏಟು ಬಿದ್ದಿದೆ, ಮನೆಯವರಿಗೆ ತಿಳಿಸಿದ್ದಾಯಿತು. ಹೆಂಡತಿಯೂ ಮನೆಯವಳು ಎಂಬುದು ಯಾರಿಗೂ ಹೊಳೆಯಲಿಲ್ಲ. ಹೊಳೆಯದೇ ಇರುವುದು ಕೆಟ್ಟತನಕ್ಕಿಂತ ಸಣ್ಣ ತಪ್ಪು ಎಂದು ಈಗಲೂ ಕೆಲವರು ನನಗೆ ಬುದ್ಧಿ ಹೇಳುತ್ತಾರೆ. ನಾನು ಒಪ್ಪುವುದಿಲ್ಲ.

ತಂತಿ ಬಂದ ಹನ್ನೊಂದನೆಯ ದಿನ ಅಮ್ಮ ಬೆಳ್ತಂಗಡಿ ಸಂತೆಗೆ ಹೋಗಿದ್ದಾಗ, ಅಳದಂಗಡಿ ಕಡೆಯಿಂದ ವೀಳ್ಯದೆಲೆ ಮಾರಲು ಬಂದ ಹೆಂಗಸು ಎಲೆ ಜೋಡಿಸುತ್ತಾ ಕೇಳಿದಳಂತೆ:

"ಗಂಡನ ಕಾಲು ಈಗ ಹೇಗುಂಟು?"

"ಯಾರ ಗಂಡನ?"

"ನಿನ್ನ ಗಂಡನದ್ದು ಮಾರಾಯ್ತಿ. ಮಿಲಿಟ್ರಿಯವರದ್ದು."

"ಅವರ ಕಾಲಿಗೆ ಎಂತ ಆಗಿದೆ?"

ಹೆಂಗಸಿನ ಕೈ ನಿಂತಿತಂತೆ. "ನಿನಗೆ ಹೇಳ್ಲೇ ಇಲ್ವಾ ಅವರು?"

ಅಮ್ಮ ಸಂತೆಯ ಚೀಲವನ್ನು ಅಲ್ಲೇ ಬಿಟ್ಟು, ನನ್ನನ್ನು ಸೊಂಟಕ್ಕೆ ಏರಿಸಿಕೊಂಡು ಅಳದಂಗಡಿಗೆ ಹೋದಳು. ಅಂಗಳದಲ್ಲಿ ನಿಂತಳು. ಬೆಲ್ಲ ನೀರು ತಂದಿಟ್ಟರು, ಮುಟ್ಟಲಿಲ್ಲ. ಕುಳಿತುಕೋ ಎಂದರು, ಕುಳಿತುಕೊಳ್ಳಲಿಲ್ಲ.

"ಕಾಗದ ಕೊಡಿ," ಎಂದಳು.

"ಅದು ಇಂಗ್ಲಿಷಿನಲ್ಲುಂಟು. ನಿನಗೆಲ್ಲಿ ಓದ್ಲಿಕ್ಕೆ ಬರ್ತದೆ?" ಎಂದರು ಅಜ್ಜ.

"ಬರುವವರ ಹತ್ರ ಓದಿಸ್ತೇನೆ. ಕೊಡಿ."

ಕೊಟ್ಟರು. ಆ ಅಂಗಳಕ್ಕೆ ಅಮ್ಮ ಮತ್ತೆ ಕಾಲಿಡಲಿಲ್ಲ. ಮದುವೆಗೂ ಇಲ್ಲ, ಸಾವಿಗೂ ಇಲ್ಲ.

ಐದು ತಿಂಗಳ ಮೇಲೆ ಅಪ್ಪ ಕೋಲು ಊರಿಕೊಂಡು ಬಂದರು. ಕ್ರಮ ಪ್ರಕಾರ ಮೊದಲು ಕುಟುಂಬದ ಮನೆಗೆ ಹೋಗಿ ದೈವಕ್ಕೆ ಕೈಮುಗಿಯಬೇಕು. ಅವರು ಸೀದಾ ಲಾಯಿಲಕ್ಕೆ ಬಂದರು. ಸಂತೆಯ ಕತೆಯನ್ನು ಅಮ್ಮನ ಬಾಯಿಂದ ಪೂರ್ತಿ ಕೇಳಿದರು. ಮರುದಿನ ಬೆಳ್ತಂಗಡಿಗೆ ಹೋಗಿ ಬಲ್ಲವರಿಂದ ಒಂದು ಅರ್ಜಿ ಬರೆಸಿ, ಹತ್ತಿರದ ಸಂಬಂಧಿಕರ ಜಾಗದಲ್ಲಿ ಹೆಂಡತಿಯ ಹೆಸರು, ಮಗಳ ಹೆಸರು ಹಾಕಿಸಿ, ರಿಜಿಸ್ಟರ್ ಅಂಚೆಯಲ್ಲಿ ಕಳಿಸಿ, ಆಮೇಲೆ ಅಳದಂಗಡಿಗೆ ಹೋದರು. ಅಲ್ಲಿ ನಡೆದ ಮಾತನ್ನು ಅಪ್ಪನ ತಂಗಿ ಕೊನೆಯವರೆಗೂ ಎಲ್ಲರಿಗೂ ಹೇಳುತ್ತಿದ್ದರು, ಅರ್ಧ ನಗೆ, ಅರ್ಧ ಸಿಟ್ಟು.

"ಹೆಂಡತಿಯ ಹೆಸರು ಬರೆಸಿದ್ದಿಯಂತೆ," ಎಂದರಂತೆ ಅಜ್ಜ.

"ಹೌದು ಮಾವ."

"ಮಗಳದ್ದೂ?"

"ಅದನ್ನೂ ಬರೆಸಿದೆ."

"ನಾಳೆ ಸತ್ತರೆ ನಿನ್ನನ್ನು ಎತ್ಲಿಕ್ಕೆ ಅವರಿಬ್ಬರು ಬರ್ತಾರಾ?"

"ಬರ್ತಾರೆ. ಸತ್ತದ್ದು ಅವರಿಗೆ ಅದೇ ದಿನ ಗೊತ್ತಾಗ್ತದಲ್ಲ ಮಾವ, ನನಗೆ ಅಷ್ಟು ಸಾಕು."

ಆ ಕಾಲಕ್ಕೆ ನಮ್ಮಲ್ಲಿ ಸಂಸಾರಸ್ಥ ಎಂದರೆ ತಂಗಿಯ ಮಕ್ಕಳನ್ನು ನೋಡಿಕೊಳ್ಳುವವ. ಹೆಂಡತಿ ಮಕ್ಕಳ ಹಿಂದೆ ಬೀಳುವವನ ಬಗ್ಗೆ ಬಾಯಿಗೆ ಬಂದದ್ದು ಹೇಳುತ್ತಿದ್ದರು. ಅಪ್ಪ ಮೂಡಬಿದಿರೆಯ ಹೊರಗೆ ಸ್ವಲ್ಪ ಜಾಗ ತೆಗೆದು, ಸಣ್ಣ ಹಂಚಿನ ಮನೆ ಕಟ್ಟಿಸಿ, ನಮ್ಮಿಬ್ಬರನ್ನು ಅಲ್ಲಿಗೆ ಕರೆತಂದರು. ಡ್ರೈವಿಂಗ್ ಇನ್ನು ಸಾಧ್ಯವಿಲ್ಲ ಎಂದು ಡಾಕ್ಟರರು ಬರೆದುಕೊಟ್ಟಿದ್ದರು. ಅಪ್ಪ ಪೇಟೆಯ ಚಮ್ಮಾರನ ಹತ್ತಿರ ಮೂರು ದಿನ ಕುಳಿತು, ಹಿಮ್ಮಡಿಯ ಜಾಗಕ್ಕೆ ಹಲಸಿನ ಮರದ ತುಂಡು ಕೂರಿಸಿದ ಒಂದು ಬೂಟು ಮಾಡಿಸಿಕೊಂಡರು. ಕ್ಲಚ್ಚು ಒತ್ತಲು ಬಂತು. ಅದೇ ಬೂಟಿನಲ್ಲಿ ಇಪ್ಪತ್ತೆರಡು ವರ್ಷ ಶಾಲೆಯ ವ್ಯಾನು ಓಡಿಸಿದರು. ಆಗುವುದಿಲ್ಲ ಎಂದು ಯಾರಾದರೂ ನನಗೆ ಹೇಳಿದಾಗಲೆಲ್ಲ, ಆಗುವ ಹಾಗೆ ಮಾಡಿಕೊಡುವ ಚಮ್ಮಾರ ಎಲ್ಲಿದ್ದಾನೆ ಎಂದು ಹುಡುಕುವ ಅಭ್ಯಾಸ ಆಗಲೇ ಹತ್ತಿತು.

ಅಮ್ಮನಿಗೆ ಟೈಫಾಯ್ಡ್ ಬಂದ ವರ್ಷ ಅಪ್ಪ ಅವಳ ಸೀರೆಗಳನ್ನು ರಸ್ತೆಗೆ ಕಾಣುವ ಬಾವಿಕಟ್ಟೆಯ ಕಲ್ಲಿನ ಮೇಲೆ ಒಗೆಯುತ್ತಿದ್ದರು. ಹೋಗುವವರು ಬರುವವರು ನಿಂತು ನೋಡುತ್ತಿದ್ದರು. ಒಮ್ಮೆ ಒಬ್ಬರು, "ಎಂತ ಮಿಲಿಟ್ರಿಯವರೇ, ಇದು ಯಾವ ಡ್ಯೂಟಿ?" ಎಂದು ಕೇಳಿದರು. "ನಿಮಗೆ ಕೊಟ್ಟರೆ ಆಗ್ಲಿಕ್ಕಿಲ್ಲ, ಇದಕ್ಕೆ ಟ್ರೈನಿಂಗ್ ಬೇಕು," ಎಂದು ಅಪ್ಪ ಸೀರೆ ಹಿಂಡಿದರು. ಅಮ್ಮನಿಗೆ ಗುಣವಾದ ಮೇಲೂ ಒಗೆಯುವುದನ್ನು ಅವರು ಬಿಡಲಿಲ್ಲ. ನನ್ನ ಜಡೆ ಹಾಕುತ್ತಿದ್ದವರು ಅವರೇ; ಬಿಗಿ ಎಂದರೆ ಹುಬ್ಬು ಮೇಲೆ ಹೋಗುವಷ್ಟು ಬಿಗಿ. ನಾನು ಇಪ್ಪತ್ತು ಕುರ್ಚಿ, ಎರಡು ತಾಮ್ರದ ಹಂಡೆ ಇಟ್ಟುಕೊಂಡು ಅಂಗಡಿ ಶುರುಮಾಡಿದಾಗ, ಮದುವೆ ಮನೆಯಿಂದ ಬಂದ ಎಣ್ಣೆ ಪಾತ್ರೆಗಳನ್ನು ತಿಕ್ಕಲು ಮೂಡಬಿದಿರೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಯುದ್ಧದ ಬಗ್ಗೆ ಕೇಳಿದರೆ, "ರಸ್ತೆ ಸರಿ ಇರಲಿಲ್ಲ," ಎನ್ನುವುದಷ್ಟೇ.

ಇಷ್ಟಾಗಿಯೂ ತಂಗಿಯ ಮಗನನ್ನು ಅವರು ಬಿಡಲಿಲ್ಲ. ಆ ತಂಗಿಯ ಮಗ ನನಗೆ ಬಾವ, ನನಗಿಂತ ಒಂದು ವರ್ಷ ದೊಡ್ಡವರು. ಅಪ್ಪ ರಜೆಯ ದಿನ ಶಾಲೆಯ ಮೈದಾನದಲ್ಲಿ ವ್ಯಾನಿನಲ್ಲೇ ಅವರಿಗೆ ಡ್ರೈವಿಂಗ್ ಕಲಿಸಿದರು. ಬಾವ ಈಗ ಸ್ವಂತ ಟಿಪ್ಪರ್ ಇಟ್ಟುಕೊಂಡಿದ್ದಾರೆ. ಒಂದು ಕಾಲದಲ್ಲಿ ನನ್ನನ್ನು ಅವರಿಗೆ ಮದುವೆಗೆ ಕೇಳಿದ್ದರು. ಅಪ್ಪ ನನ್ನನ್ನು ಕೇಳಿದರು, ನಾನು ಬೇಡ ಎಂದೆ, ಅಪ್ಪ ಅದನ್ನೇ ಅಲ್ಲಿ ಹೇಳಿ ಬಂದರು. ಈಗಲೂ ಎಲ್ಲಾದರೂ ಎದುರಾದರೆ ಬಾವ, "ಬಚಾವಾದೆ ಮಾರಾಯ್ತಿ, ನೀನು ನನ್ನನ್ನೂ ಬಾಡಿಗೆಗೆ ಕೊಡ್ತಿದ್ದೆ," ಎನ್ನುತ್ತಾರೆ.

ಅಪ್ಪ ವರ್ಷಕ್ಕೊಮ್ಮೆ ದೈವದ ತಂಬಿಲದ ಪೂಜೆಗೆ ಅಳದಂಗಡಿಗೆ ಹೋಗಿ ಕೈಮುಗಿದು ಸಂಜೆಯ ಬಸ್ಸಿಗೆ ಬರುತ್ತಿದ್ದರು. ಎಂಬತ್ತು ಹತ್ತಿರವಾದಾಗ ಒಂದು ದಿನ, ಮಾತಿನ ನಡುವೆ, "ನನ್ನನ್ನು ಇಲ್ಲಿಂದ ಎಲ್ಲಿಗೂ ಕೊಂಡುಹೋಗುವುದು ಬೇಡ. ಈ ಜಾಗದಲ್ಲೇ ಆಗಲಿ," ಎಂದರು. ನಾನು ಆಯಿತು ಎಂದೆ. ನೂರು ಕುರ್ಚಿಗೂ ಸಹಿ ಮಾಡಿಸಿಕೊಳ್ಳುವ ನಾನು, ಅದನ್ನು ಒಂದು ಕಾಗದದಲ್ಲಿ ಬರೆಸಿಕೊಳ್ಳಲಿಲ್ಲ. ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ, ಹೀಗೊಂದು ಮಾತು ಅವರ ಬಾಯಿಂದ ಬಂದ ದಿನವೇ ಬರೆಸಿ, ಇಬ್ಬರು ಸಾಕ್ಷಿ ಹಾಕಿಸಿ. ಅಪಶಕುನ ಎಂದು ಯಾರಾದರೂ ಗೊಣಗಿದರೆ ಗೊಣಗಲಿ.

ಅವರು ಹೋದದ್ದು ಬೆಳಿಗ್ಗೆ ಐದೂವರೆಗೆ. ಒಂದು ವಾರದಿಂದ ನಾನು ಅಲ್ಲೇ ಇದ್ದೆ. ಬಾವನಿಗೆ ಫೋನ್ ಮಾಡಿದೆ, ಬಂಟ್ವಾಳಕ್ಕೆ ಫೋನ್ ಮಾಡಿ ಕುರ್ಚಿ, ಶಾಮಿಯಾನ ಕಳಿಸಲು ಹೇಳಿದೆ. ಎಂಟು ಗಂಟೆಗೆ ಮೊದಲು ಬಂದದ್ದು ಕುರ್ಚಿಯಲ್ಲ, ಆಂಬುಲೆನ್ಸು. ಮುಂದಿನ ಸೀಟಿನಿಂದ ಚಿಕ್ಕಪ್ಪ ಇಳಿದರು. ಅಪ್ಪನ ಚಿಕ್ಕಮ್ಮನ ಮಗ, ಈಗ ಕುಟುಂಬದ ಮನೆಯ ಯಜಮಾನ. ಮನೆಯನ್ನೂ ದೈವಸ್ಥಾನವನ್ನೂ ಹೊಸದಾಗಿ ಮಾಡಿಸಿದವರು, ಓಡಾಡಿ ಸೊರಗಿದವರು. ಕೆಟ್ಟವರಲ್ಲ. ಅಣ್ಣನ ಮುಖ ನೋಡಿ ಅತ್ತರು. ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಹೊರಡುವ. ಹತ್ತು ಗಂಟೆಯೊಳಗೆ ಮುಟ್ಟಿದ್ರೆ ಒಳ್ಳೇದು."

"ಎಲ್ಲಿಗೆ ಚಿಕ್ಕಪ್ಪ?"

"ಎಲ್ಲಿಗೆ ಅಂದ್ರೆ? ಮನೆಗೆ."

"ಅವರು ಮನೆಯಲ್ಲೇ ಇದ್ದಾರೆ."

"ನೋಡು ಮಗಾ, ನೀನು ಹತ್ತು ಸಾವು ಕಂಡವಳು, ನಿನಗೆ ಕ್ರಮ ನಾನು ಹೇಳ್ಬೇಕಾ? ಕುಟುಂಬದ ಗಂಡಸನ್ನು ಕುಟುಂಬದ ಜಾಗದಲ್ಲಿ ಸುಡುವುದು. ಮಿಲಿಟ್ರಿ ಸಂಘದವರಿಗೂ ಅಲ್ಲಿಗೇ ಬರ್ಲಿಕ್ಕೆ ಹೇಳಿ ಆಗಿದೆ. ಊರಿನವರು ಕಾಯ್ತಾ ಇದ್ದಾರೆ."

"ಅಪ್ಪ ಇಲ್ಲೇ ಅಂತ ಹೇಳಿದ್ದಾರೆ."

"ಯಾರ ಹತ್ರ?"

"ನನ್ನ ಹತ್ರ."

"ಬರೆದದ್ದು ಉಂಟಾ?"

ಇರಲಿಲ್ಲ. ಅಷ್ಟರಲ್ಲಿ ನನ್ನ ಲಾರಿ ಬಂತು. ಕೆಲಸದವರ ಮುಖ್ಯಸ್ಥ ಇಳಿದು, ಅಪ್ಪನ ಕಾಲು ಮುಟ್ಟಿ, ಅಂಗಳಕ್ಕೆ ಬಂದು ಅಭ್ಯಾಸದಂತೆ ಸುಮ್ಮನೆ ನಿಂತ.

"ಇಳಿಸು," ಎಂದೆ.

"ಅಕ್ಕ, ಹಿರಿಯರು ಹೇಳ್ಬೇಡ್ವಾ?" ಎಂದು ಚಿಕ್ಕಪ್ಪನ ಕಡೆ ನೋಡಿದ.

"ನಾನೇ ಹಿರಿಯಳು. ನೂರೈವತ್ತನ್ನೂ ಇಳಿಸು. ಆಂಬುಲೆನ್ಸಿನ ಹಿಂದೆ ಸಹ ಸಾಲು ಹಾಕು."

ಅರ್ಧ ಗಂಟೆಯಲ್ಲಿ ಶಾಮಿಯಾನ ಎದ್ದಿತು, ನೆರೆಯವರು ಬಂದು ಕುಳಿತರು. ಕುಳಿತ ಜನರನ್ನು ಎಬ್ಬಿಸಿ ಹಾದಿ ಮಾಡಿ ಶವ ಕೊಂಡುಹೋಗಲು ಯಾರಿಗೂ ಮುಖ ಬರುವುದಿಲ್ಲ. ಇದನ್ನು ನಾನು ಎಷ್ಟೋ ಮನೆಗಳಲ್ಲಿ ನೋಡಿ ಕಲಿತದ್ದು, ನನ್ನ ಮನೆಗೇ ಉಪಯೋಗಕ್ಕೆ ಬಂತು. ಚಿಕ್ಕಪ್ಪನಿಗೂ ಅದು ಅರ್ಥವಾಯಿತು. ಅವರು ನನ್ನ ಪಕ್ಕಕ್ಕೆ ಬಂದು, ಮೆಲ್ಲ ಹೇಳಬಹುದಾಗಿದ್ದ ಮಾತನ್ನು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ಮರ ಕಡಿದಾಗಿದೆ."

ಕುರ್ಚಿಗಳಲ್ಲಿದ್ದವರೆಲ್ಲ ನಮ್ಮ ಕಡೆ ತಿರುಗಿದರು. ನಮ್ಮಲ್ಲಿ ಚಿತೆಗೆ ಮಾವಿನ ಮರ. ಒಬ್ಬರ ಹೆಸರಿನಲ್ಲಿ ಕಡಿದ ಮಾವು ಅವರ ಜೊತೆಗೇ ಉರಿಯಬೇಕು. ಕಡಿದು ಅಂಗಳದಲ್ಲಿ ಬಿದ್ದುಕೊಂಡರೆ ಅದೇ ಮನೆಯ ಇನ್ನೊಬ್ಬರನ್ನು ಕರೆಯುತ್ತದೆ ಎಂಬ ಹೆದರಿಕೆ. ಸುದ್ದಿ ಮುಟ್ಟಿದ ಕೂಡಲೇ, ನಮ್ಮನ್ನು ಒಂದು ಮಾತು ಕೇಳದೆ, ಅಳದಂಗಡಿಯಲ್ಲಿ ಮರ ಉರುಳಿಸಿದ್ದರು. ಆ ಮನೆಯಲ್ಲಿ ಈಗ ಒಬ್ಬ ಬಸುರಿ ಸೊಸೆ ಇದ್ದಳು, ಹಾಸಿಗೆ ಹಿಡಿದ ಒಬ್ಬ ಅಜ್ಜಿ ಇದ್ದರು. ಚಿಕ್ಕಪ್ಪನ ಮುಖದಲ್ಲಿ ಬರೀ ಹಟ ಇರಲಿಲ್ಲ, ಭಯವೂ ಇತ್ತು.

ಆಗ ನನ್ನ ಒಳಗಿನ ವ್ಯಾಪಾರಿ ಲೆಕ್ಕ ಹಾಕತೊಡಗಿದಳು. ಚಿತೆ ಅಲ್ಲಿ, ಹದಿಮೂರನೆಯ ದಿನದ ಕ್ರಿಯೆ, ಬೊಜ್ಜ, ಇಲ್ಲಿ. ಎರಡು ಕಡೆಗೂ ಸಮ. ಬೇರೆಯವರ ಮನೆಯಾಗಿದ್ದರೆ ಇದನ್ನೇ ಹೇಳಿ ಒಪ್ಪಿಸುತ್ತಿದ್ದೆ, ಒಳ್ಳೆಯ ಮಧ್ಯಸ್ಥಿಕೆ ಎಂದು ಬೆನ್ನು ತಟ್ಟಿಸಿಕೊಳ್ಳುತ್ತಿದ್ದೆ. ಒಳಗೆ ಹೋಗಿ ಅಮ್ಮನ ಕಿವಿಯಲ್ಲಿ ಹೇಳಿದೆ. ಅಮ್ಮ ಅಪ್ಪನ ತಲೆಯ ಹತ್ತಿರ ಕುಳಿತವಳು ನನ್ನ ಕಡೆ ತಿರುಗಲಿಲ್ಲ.

"ತಂತಿಯ ಹನ್ನೊಂದು ದಿನ ಅವರ ಹತ್ರ ಇದ್ರಲ್ಲ," ಎಂದಳು. "ಸಾಕು."

ಅರ್ಧ ಕೊಟ್ಟು ಅರ್ಧ ಇಟ್ಟುಕೊಳ್ಳುವ ಮಾತು ಅಲ್ಲಿಗೆ ಮುಗಿಯಿತು.

ಮಿಲಿಟ್ರಿ ಸಂಘದ ಮೂವರು ಹಿರಿಯರು ಹೂವಿನ ಚಕ್ರ ಹಿಡಿದುಕೊಂಡು ಬಂದರು. ಅಳದಂಗಡಿಗೆ ಹೋಗುವ ದಾರಿಯಲ್ಲಿ ಮೊದಲು ಮನೆಯವರನ್ನು ಕಂಡು ಹೋಗುವ ಎಂದು ಬಂದದ್ದು. ಚಿಕ್ಕಪ್ಪ ಮುಂದೆ ಹೋಗಿ, "ನಾನು ಕುಟುಂಬದ ಯಜಮಾನ. ಕಾರ್ಯಕ್ರಮ ಅಲ್ಲಿಯೇ," ಎಂದರು. ಮೂವರಲ್ಲಿ ಹಿರಿಯರು ಜೇಬಿನಿಂದ ಕನ್ನಡಕ ತೆಗೆದು ಒಂದು ಕಾಗದ ನೋಡಿದರು.

"ನಮ್ಮ ಪಟ್ಟಿಯಲ್ಲಿ ಹತ್ತಿರದ ಸಂಬಂಧಿಕರು ಪತ್ನಿ ಅಂತ ಉಂಟು. ಅವರು ಯಾರು?"

ಅಮ್ಮ ಎದ್ದು ಬಾಗಿಲಿಗೆ ಬಂದಳು.

"ಅಮ್ಮ, ಎಲ್ಲಿ ಅಂತ ನೀವು ಹೇಳ್ಬೇಕು."

"ಇಲ್ಲಿ," ಎಂದಳು ಅಮ್ಮ.

ಮೂವರೂ ಬೂಟು ಕಳಚಿ ಒಳಗೆ ಬಂದು, ಹೂ ಇಟ್ಟು, ನೆಟ್ಟಗೆ ನಿಂತು ಸೆಲ್ಯೂಟ್ ಹೊಡೆದರು. ಚಿಕ್ಕಪ್ಪನ ಒಂದು ಬಲ ಹೋಯಿತು. ಆದರೆ ಮರ ಮರವೇ. ಅದಕ್ಕೆ ಕಾಗದ ಓದಲು ಬರುವುದಿಲ್ಲ.

ಇಂಥಲ್ಲಿ ದೊಡ್ಡ ಧ್ವನಿಯವರ ಹತ್ತಿರ ಚೌಕಾಸಿ ಮಾಡಿ ಗಂಟಲು ಹರಿದುಕೊಳ್ಳಬಾರದು. ಹಕ್ಕು ಯಾರ ಕೈಯಲ್ಲಿದೆಯೋ ಅವರನ್ನು ಹುಡುಕಬೇಕು. ಕಟ್ಟಿನ ಪ್ರಕಾರ ಕೊಳ್ಳಿ ಇಡುವ ಹಕ್ಕು ಯಜಮಾನನದ್ದಲ್ಲ, ಅಳಿಯನದ್ದು, ಅಂದರೆ ತಂಗಿಯ ಮಗನದ್ದು. ಆಂಬುಲೆನ್ಸಿನ ಹಿಂದೆಯೇ ಟಿಪ್ಪರಿನಲ್ಲಿ ಬಂದಿದ್ದ ಬಾವ ಬಾವಿಕಟ್ಟೆಯ ಕಲ್ಲಿನ ಮೇಲೆ ಒಬ್ಬರೇ ಕುಳಿತಿದ್ದರು. ಅಂಗಿಯ ತೋಳಿಗೆ ಮರದ ಹೊಟ್ಟು ಅಂಟಿತ್ತು.

"ಮರ ಕಡಿದದ್ದು ನೀವಾ ಬಾವ?"

"ನಾನೇ. ಚಿಕ್ಕಮಾವ ಕಡಿ ಅಂದ್ರು, ಕಡಿದೆ. ಅಳ್ತಾ ಕಡಿದೆ. ನಿಮ್ಮನ್ನು ಕೇಳ್ಬೇಕು ಅಂತ ತಲೆಗೇ ಹೋಗ್ಲಿಲ್ಲ ಮಾರಾಯ್ತಿ."

"ಯಾರಿಗೂ ಹೋಗ್ಲಿಲ್ಲ, ಎಪ್ಪತ್ತೊಂದರಲ್ಲೂ."

ಬಾವ ತಲೆ ತಗ್ಗಿಸಿದರು. ಸಂತೆಯ ಕತೆ ಅವರಿಗೂ ಗೊತ್ತು.

"ಮರ ಬರಲಿ," ಎಂದೆ. "ಅಪ್ಪ ಹೋಗುವುದಿಲ್ಲ. ನಿಮ್ಮ ಟಿಪ್ಪರ್ ಉಂಟು, ವೇಣೂರು ದಾರಿಯಲ್ಲಿ ಮಧ್ಯಾಹ್ನದೊಳಗೆ ತರಬಹುದು. ನಿಮ್ಮ ಅಂಗಳದಲ್ಲಿ ಒಂದು ಸಿಪ್ಪೆಯೂ ಉಳಿಯುವುದು ಬೇಡ."

ಅವರು ತೋಳಿನ ಹೊಟ್ಟು ಕೊಡವತೊಡಗಿದರು. ಚಿಕ್ಕಪ್ಪನ ನಂತರ ಯಜಮಾನಿಕೆ ಅವರದ್ದೇ. ಅವರು ಕಳೆದುಕೊಳ್ಳುವುದಕ್ಕೆ ನನಗಿಂತ ಹೆಚ್ಚು ಇತ್ತು.

"ಕೊಳ್ಳಿ ನಾನು ಇಡ್ತೇನೆ," ಎಂದರು ಕಡೆಗೆ. "ಅದನ್ನು ಕೇಳ್ಬೇಡ."

ನಿಜ ಹೇಳುತ್ತೇನೆ, ಅದು ನನಗೆ ಬೇಕಿತ್ತು. ಒಬ್ಬಳೇ ಮಗಳು, ಬೆಳಗಿನಿಂದ ಮನಸ್ಸಿನಲ್ಲಿ ಕೊಳ್ಳಿ ಹಿಡಿದುಕೊಂಡೇ ಓಡಾಡುತ್ತಿದ್ದೆ. ಆದರೆ ಎದುರಿನವನು ಕೇಳಿದ್ದನ್ನು ಕೊಡದೆ ಯಾವ ಮಾತೂ ಕುದುರುವುದಿಲ್ಲ. ಕೇಳಿದವರು ಅಪ್ಪ ಕಲಿಸಿದ ಡ್ರೈವರ್.

"ಆಯ್ತು. ನೀವೇ ಇಡಿ. ಆದ್ರೆ ಇಲ್ಲಿ."

ಬಾವ ಎದ್ದು ಟಿಪ್ಪರಿನ ಕಡೆ ಹೊರಟರು. ಚಿಕ್ಕಪ್ಪ ಅಡ್ಡ ನಿಂತರು.

"ಕುಟುಂಬದ ಮಾವು ಹೆಂಡತಿಯ ಮನೆಗೆ ಹೋದದ್ದು ಎಲ್ಲಾದ್ರೂ ಉಂಟಾ?"

"ಇವತ್ತಿನಿಂದ ಉಂಟು ಮಾವ," ಎಂದು ಬಾವ ಗಾಡಿ ಸ್ಟಾರ್ಟ್ ಮಾಡಿದರು.

"ನಿನ್ನ ಕಾಲಕ್ಕೆ ನಿನಗೂ ಹೀಗೇ ಆಗ್ತದೆ, ನೋಡು."

"ಆಗ್ಲಿ. ನನ್ನ ಹೆಂಡತಿಗೆ ಈಗಲೇ ಹೇಳಿಡ್ತೇನೆ."

ಚಿಕ್ಕಪ್ಪ ಆಂಬುಲೆನ್ಸನ್ನು ಖಾಲಿಯೇ ಕಳಿಸಿದರು. ಅವರು ಹೋಗಲಿಲ್ಲ. ಹಿಂದಿನ ಸಾಲಿನ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕುಳಿತರು. ನಾನೇ ಹೋಗಿ ಚಹಾ ಕೊಟ್ಟೆ, ಕುಡಿದರು. ಎರಡೂವರೆಗೆ ಟಿಪ್ಪರ್ ಬಂತು. ಹಸಿ ಮಾವಿನ ವಾಸನೆ ಗೇಟಿನಿಂದಲೇ ಹೊಡೆಯುತ್ತಿತ್ತು. ಹಸಿ ಮರ ಬೇಗ ಹಿಡಿಯುವುದಿಲ್ಲ; ಬಾವ ದಾರಿಯಲ್ಲಿ ನಿಲ್ಲಿಸಿ ತೆಂಗಿನ ಗೆರಟೆ, ಎರಡು ಡಬ್ಬ ತುಪ್ಪ ತಂದಿದ್ದರು. ಜಾಗದ ಹಿಂದಿನ ಮೂಲೆಯಲ್ಲಿ ಅಪ್ಪನನ್ನು ಮಲಗಿಸಿದರು. ಬಾವ ಕೊಳ್ಳಿ ಇಟ್ಟರು. ಅಮ್ಮ ಹೆಂಗಸರ ಸಾಲು ದಾಟಿ ಮುಂದೆ ಬಂದು, ಬೆಂಕಿ ಪೂರ್ತಿ ಹಿಡಿಯುವವರೆಗೆ ನಿಂತಿದ್ದಳು. ಒಳಗೆ ಹೋಗು ಎಂದು ಯಾರೋ ಹೇಳಿದರು, ಅವಳಿಗೆ ಕೇಳಲಿಲ್ಲ, ಕೇಳಿರಲೂಬಹುದು.

ಹೊರಡುವಾಗ ಚಿಕ್ಕಪ್ಪ ನನ್ನನ್ನು ಕರೆದರು. "ನೀನು ಗೆದ್ದೆ. ಆದ್ರೆ ಒಂದು ತಿಳ್ಕೊ. ಕುಟುಂಬದ ಜಾಗದಲ್ಲಿ ಸುಡದವನಿಗೆ ನಮ್ಮಲ್ಲಿ ಎಲೆ ಇಲ್ಲ."

ಮಳೆಗಾಲದ ಆಟಿ ತಿಂಗಳಲ್ಲಿ ಕುಟುಂಬದ ಮನೆಯಲ್ಲಿ ತೀರಿಹೋದ ಹಿರಿಯರಿಗೆಲ್ಲ ಸಾಲಾಗಿ ಬಾಳೆಲೆ ಹಾಕಿ ಬಡಿಸುತ್ತಾರೆ. ಆ ಸಾಲಿನಲ್ಲಿ ಅಪ್ಪ ಇರುವುದಿಲ್ಲ, ಅದು ಅವರ ಮಾತಿನ ಅರ್ಥ. ಆ ಬೆಲೆಯನ್ನು ಇಳಿಸಲು ನಾನು ನೋಡಲಿಲ್ಲ. ಕೆಲವು ಬೆಲೆಗಳನ್ನು ಕೇಳಿದಷ್ಟೇ ಕೊಟ್ಟು ಎದ್ದು ಬರಬೇಕು.

ಈ ವರ್ಷ ಆಟಿಯಲ್ಲಿ ಅಮ್ಮ, "ನಾನು ಬಡಿಸ್ತೇನೆ," ಎಂದಳು. ಹೆಂಡತಿಯ ಮನೆಯಲ್ಲಿ ಬಡಿಸಿದರೆ ಮುಟ್ಟುವುದಿಲ್ಲ ಎಂದು ನೆರೆಯ ಹೆಂಗಸರು ಹೇಳಿದರು. ಐವತ್ತು ವರ್ಷ ಬಡಿಸಿದ್ದು ಮುಟ್ಟಿದೆ ಎಂದು ಅಮ್ಮ ಕೋಳಿಗೆ ಮಸಾಲೆ ಅರೆಯಲು ಹೇಳಿದಳು. ಅಳದಂಗಡಿಯಲ್ಲೂ ಅದೇ ದಿನ ಬಡಿಸುವುದು; ಬಾವ ಅಲ್ಲಿಗೆ ಹೋಗದೆ ಇಲ್ಲಿಗೆ ಬಂದರು, ಕೈಯಲ್ಲಿ ಒಂದು ಬಾಟಲಿ ರಮ್ಮು. ತೀರಿದವರ ಎಲೆಯ ಬದಿಗೆ ಅದನ್ನೂ ಇಡುವ ಕ್ರಮ ಉಂಟು.

"ತೆಗೆದುಕೊಂಡು ಹೋಗು," ಎಂದಳು ಅಮ್ಮ. "ಮಿಲಿಟ್ರಿಯಲ್ಲೂ ಕುಡಿಯದವರು, ಸತ್ತ ಮೇಲೆ ಕಲೀತಾರಾ?"

"ಅತ್ತೆ, ಕ್ರಮಕ್ಕೆ ಒಂದು ತೊಟ್ಟು."

"ಕ್ರಮಕ್ಕೆ ಚಹಾ ಇಡ್ತೇನೆ. ಸಕ್ಕರೆ ಜಾಸ್ತಿ ಹಾಕಿ."

ಎಲೆ ಹಾಕಿದಳು, ಕೋರಿರೊಟ್ಟಿ ಮುರಿದು ಹಾಕಿದಳು, ಮೇಲೆ ಸಾರು ಬಡಿಸಿದಳು. ಬಡಿಸಿ ಆದ ಮೇಲೆ ಮನೆಯವರೆಲ್ಲ ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ತೀರಿದವರು ಉಣ್ಣುವಾಗ ಯಾರೂ ಇರಬಾರದು. ನಾನು, ಬಾವ ಜಗಲಿಗೆ ಬಂದೆವು. ಅಮ್ಮ ಎಲೆಯ ಮುಂದೆ ಮಣೆ ಎಳೆದು ಕುಳಿತಳು.

"ಅಮ್ಮ, ಹೊರಗೆ ಬಾ."

"ಬಡಿಸಿ ಎದ್ದು ಹೋದವಳಲ್ಲ ನಾನು. ಬಾಗಿಲು ಎಳ್ಕೊ."

ಎಳೆದುಕೊಂಡೆ. ಅಷ್ಟು ಹೊತ್ತಿಗೆ ಚಿಕ್ಕಪ್ಪನ ಫೋನ್ ಬಂತು. ಬಾವ ಅಲ್ಲಿಲ್ಲ ಎಂಬುದನ್ನು ನೋಡಿ ಅವರಿಗೆ ವಿಷಯ ತಿಳಿದಿರಬೇಕು.

"ಬಡಿಸಿದ್ರಾ ಅಲ್ಲಿ?"

"ಬಡಿಸಿದೆವು."

"ಎರಡು ಕಡೆ ಕರೆದ್ರೆ ಅಣ್ಣ ದಾರಿಯಲ್ಲಿ ನಿಂತುಬಿಡ್ತಾರೆ, ಅದು ಪಾಪ."

"ನೀವು ಕರೆದಿದ್ದೀರಾ ಚಿಕ್ಕಪ್ಪ?"

"ನಾವು ಹೇಗೆ ಕರೆಯುವುದು? ಎಲೆ ಹಾಕ್ಲಿಲ್ಲ."

"ಮತ್ತೆ ಎರಡು ಕಡೆ ಎಲ್ಲಿ ಬಂತು? ಸೀದಾ ಬರ್ತಾರೆ."

ಅವರು ಫೋನು ಇಡಲಿಲ್ಲ.

"ಬಾಗಿಲು ಹಾಕಿದ್ದೀರಲ್ಲ?" ಎಂದರು. "ಒಳಗೆ ಯಾರೂ ಇಲ್ವಲ್ಲ?"

"ಅಮ್ಮ ಇದ್ದಾಳೆ."

"ಎಂತ ಮಾರಾಯ್ತಿ ನೀನು, ಅತ್ತಿಗೆ ಒಳಗೆ ಕೂತಿದ್ರೆ ಅಣ್ಣ ಬರುವುದು ಹೇಗೆ?"

"ಅವಳು ಒಳಗಿಲ್ಲದಿದ್ರೆ ಬರ್ಲಿಕ್ಕಿಲ್ಲ ಚಿಕ್ಕಪ್ಪ," ಎಂದೆ.